ಚಕ್ಕಣದಿಂದ ಚಿಕ್ಕ ತಟ್ಟೆಯವರೆಗೆ

ಕಳೆದ ತಿಂಗಳು ಶಿವಮೊಗ್ಗದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನನ್ನನ್ನೂ ನನ್ನ ಮನೆಯವಳನ್ನೂ ರಾತ್ರಿಯ ಊಟಕ್ಕೆ ಕರೆದಳು. ಮನೆಗಲ್ಲ, ಹೊಸದಾಗಿ ತೆರೆದ ಒಂದು ಭೋಜನಗೃಹಕ್ಕೆ. ಜೊತೆಗೆ ಅವಳ ಗಂಡನೂ ಭದ್ರಾವತಿಯಿಂದ ಬಂದಿದ್ದ ಅವಳ ತಾಯಿಯೂ ಇದ್ದರು. ಒಳಗೆ ಕಾಲಿಟ್ಟಾಗಲೇ ನನಗೆ ತಿಳಿದದ್ದು, ಅದು ಪಾನಗೃಹವೂ ಹೌದೆಂದು. ಗೋಡೆಯುದ್ದಕ್ಕೂ ಬಣ್ಣಬಣ್ಣದ ಸೀಸೆಗಳು. ಅವುಗಳ ಮುಂದೆ ನಿಂತು ಒಬ್ಬ ತರುಣ ಔಷಧ ಅರೆಯುವ ಪಂಡಿತನ ಶ್ರದ್ಧೆಯಿಂದ ಏನನ್ನೋ ಬೆರೆಸುತ್ತಿದ್ದ.

ನಾವು ಊಟವೆಂದು ಕರೆಯುವುದು ಅಲ್ಲಿ ಬರಲೇ ಇಲ್ಲ. ಬಂದದ್ದು ಅಂಗೈಯಗಲದ ತಟ್ಟೆಗಳು. ಒಂದರಲ್ಲಿ ಕಾಸಿನಗಲದ ಅಕ್ಕಿರೊಟ್ಟಿ ನಾಲ್ಕು, ಇನ್ನೊಂದರಲ್ಲಿ ತೆಳುವಾಗಿ ಕೊಯ್ದು ಹುರಿದ ಪತ್ರೊಡೆ, ಮತ್ತೊಂದರಲ್ಲಿ ಕಳಲೆ, ಅದರ ಮಗ್ಗುಲಲ್ಲಿ ಅಪ್ಪೆಮಿಡಿಯ ರಸದಲ್ಲಿ ಅದ್ದಿದ ಏನೋ ಒಂದು. ತಟ್ಟೆ ಯಾರೊಬ್ಬರ ಮುಂದೆಯೂ ಅಲ್ಲ, ಮೇಜಿನ ನಡುವೆ. ಎಲ್ಲರೂ ಕೈಚಾಚಿ ಅದರಿಂದಲೇ ತೆಗೆದುಕೊಳ್ಳಬೇಕು. ನನ್ನ ಶಿಷ್ಯೆ ನಗುತ್ತ ಕೇಳಿದಳು: “ಸಾರ್, ಇಂಥ ತಿಂಡಿಗೆ ಕನ್ನಡದಲ್ಲಿ ಏನನ್ನುತ್ತಾರೆ?” ನಾನು ಯೋಚಿಸದೆ ಹೇಳಿದೆ: “ಚಕ್ಕಣ.” ಅವಳು ತಟ್ಟನೆ ಅಂದಳು: “ಗೊತ್ತು ಸಾರ್. ಪಂಪನಲ್ಲಿ ಬರುತ್ತೆ. ನೀವು ಪಾಠ ಮಾಡದೆ ಬಿಟ್ಟ ಭಾಗದಲ್ಲಿ.”

ಮಾತು ನಿಜ. ಮೂರು ದಶಕಗಳ ಅಧ್ಯಾಪಕ ವೃತ್ತಿಯಲ್ಲಿ ವಿಕ್ರಮಾರ್ಜುನ ವಿಜಯವನ್ನು ಎಷ್ಟೋ ಸಲ ಪಾಠ ಹೇಳಿದ್ದೇನೆ. ನಾಲ್ಕನೆಯ ಆಶ್ವಾಸ ಬಂದಾಗಲೆಲ್ಲ ಒಂದು ಪ್ರಕರಣವನ್ನು ದಾಟಿ ಮುಂದೆ ಹೋಗುತ್ತಿದ್ದೆ. ಏಕೆ ದಾಟಿದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಅದು ನಮ್ಮ ನಾಡಿನ ಕುಡಿತ-ತಿನಿಸುಗಳ ಚರಿತ್ರೆಯೇ ಆಗುತ್ತದೆ. ಆ ಚರಿತ್ರೆಯನ್ನು ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಮಹಾಕಾವ್ಯವೆಂದರೆ ಅದರಲ್ಲಿ ಇಂತಿಂಥ ವರ್ಣನೆಗಳು ಇರಬೇಕೆಂದು ಆಲಂಕಾರಿಕ ದಂಡಿ ಪಟ್ಟಿ ಮಾಡಿದ. ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಜಲಕ್ರೀಡೆ ಮುಂತಾದವುಗಳ ಸಾಲಿನಲ್ಲಿ ಮಧುಪಾನವೂ ಇದೆ. ನಮ್ಮ ಕವಿಗಳು ಈ ಹದಿನೆಂಟು ವರ್ಣನೆಗಳ ಸಂಪ್ರದಾಯವನ್ನು ಶಿರಸಾವಹಿಸಿದರು. ಆದರೆ ಪಂಪನಂಥ ಕವಿ ಕೇವಲ ಪಟ್ಟಿ ತುಂಬಿಸಲು ಬರೆಯುವವನಲ್ಲ. 941ರ ಸುಮಾರಿನಲ್ಲಿ ರಚಿತವಾದ ಆ ಕಾವ್ಯದಲ್ಲಿ, ಸುಭದ್ರೆಯ ನೆನಪಿನಿಂದ ನಿದ್ದೆ ಬಾರದ ಅರ್ಜುನ ಇರುಳಿನಲ್ಲಿ ಸೂಳೆಗೇರಿಯತ್ತ ನಡೆಯುತ್ತಾನೆ. ಅಲ್ಲಿ ಅವನ ಕಣ್ಣಿಗೆ ಬೀಳುವುದು ಒಂದು ಪಾನಗೋಷ್ಠಿ. ಹಲವು ಬಗೆಯ ಕಳ್ಳುಗಳು, ಅವನ್ನು ಹೊಯ್ದುಕೊಳ್ಳುವ ಚೆಲುವಾದ ಸಿಪ್ಪುಗಳು, ನಡುನಡುವೆ ಸವಿನೋಡುವ ಚಕ್ಕಣಗಳು. ಕುಡಿಯುವವರು ಹೆಂಗಸರು. ಕವಿ ಅವರನ್ನು ಬೈಯುವುದೂ ಇಲ್ಲ, ಹೊಗಳುವುದೂ ಇಲ್ಲ. ಕಂಡದ್ದನ್ನು ಕಂಡಂತೆ, ತುಟಿಯಂಚಿನ ನಗೆಯೊಡನೆ ಹೇಳುತ್ತಾನೆ.

ಚಕ್ಕಣವೆಂದರೆ ಮದ್ಯದೊಡನೆ ನೆಂಚಿಕೊಳ್ಳುವ ತಿನಿಸು. ಸಂಸ್ಕೃತದಲ್ಲಿ ಇದಕ್ಕೆ ಉಪದಂಶ, ಅವದಂಶ ಎಂಬ ಹೆಸರುಗಳಿವೆ. ಹಸಿವಿಗೆ ತಿನ್ನುವುದು ಊಟ. ನಾಲಗೆಗೂ ಮಾತಿಗೂ ತಿನ್ನುವುದು ಚಕ್ಕಣ. ಹಿಂದಿಯವರ ‘ಚಖನಾ’ ಕೇಳಿದಾಗ ನಮ್ಮ ಮಾತಿನ ದನಿ ಅದರಲ್ಲಿ ಕೇಳದೆ ಇರದು. ಸ್ಪೇನಿನವರು ‘ತಾಪಾಸ್’ ಎನ್ನುವುದೂ, ತುರ್ಕರೂ ಗ್ರೀಕರೂ ‘ಮೆಜೆ’ ಎನ್ನುವುದೂ ಇದೇ ಜಾತಿಯ ತಿನಿಸುಗಳನ್ನೇ. ನಮ್ಮಲ್ಲಿ ಆ ಪದವನ್ನು ಈಗ ಯಾರೂ ಬಳಸರು, ‘ಸೈಡ್ಸ್ ಏನಿದೆ?’ ಎಂದು ಕೇಳುತ್ತಾರೆ. ಸಾವಿರ ವರ್ಷದ ಹಿಂದೆ ನಮ್ಮದಾಗಿದ್ದ ಒಂದು ಮಾತು ಹೋಗಿ ಇಂಗ್ಲಿಷಿನ ತುಂಡೊಂದು ಆ ಜಾಗದಲ್ಲಿ ಕೂತಿತು.

ಪಂಪ ಹಂಬಲಿಸಿದ ಬನವಾಸಿ ನಾಡಿಗೆ ಬಳ್ಳಿಗಾವೆ ರಾಜಧಾನಿಯಾಗಿದ್ದ ಕಾಲವಿತ್ತು. ಆ ಊರು ಇಂದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಹಾಗಾಗಿ ಈ ಚರಿತ್ರೆ ನಮಗೆ ದೂರದ್ದಲ್ಲ. ಆ ಕಾಲದ ಅರಸುಗಳ ಅಡುಗೆಮನೆಯ ವಿವರವೂ ನಮಗೆ ಉಳಿದಿದೆ. 1025ರ ಸುಮಾರಿನ ಚಾವುಂಡರಾಯನ ಲೋಕೋಪಕಾರದಲ್ಲಿ ಸೂಪಶಾಸ್ತ್ರಕ್ಕೆಂದೇ ಒಂದು ಅಧ್ಯಾಯವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಅನ್ನಭೋಗ, ಪಾನೀಯಭೋಗಗಳನ್ನು ಬೇರೆಬೇರೆಯಾಗಿ ವಿವರಿಸುತ್ತದೆ. ಇಡ್ಲಿ ದೋಸೆಗಳ ಪೂರ್ವಜರು ಅಲ್ಲಿ ಕಾಣುತ್ತಾರೆ. ಸ್ವಾರಸ್ಯವೆಂದರೆ, ಮದಿರಾಪಾನವನ್ನು ಅವನು ಊಟದ ಪ್ರಕರಣದಲ್ಲಿ ಸೇರಿಸದೆ ಕ್ರೀಡೆಗಳ ಸಾಲಿನಲ್ಲಿ ಇಟ್ಟಿದ್ದಾನೆ. ಅರಸನಿಗೆ ಅದು ಆಟ.

ಅರಸನಿಗೆ ಆಟವಾದದ್ದು ಆಳಿಗೆ ಏನಾಗಿತ್ತು? ಅದೇ ಹನ್ನೆರಡನೆಯ ಶತಮಾನದಲ್ಲಿ, ಅದೇ ಕಲ್ಯಾಣದ ಬೀದಿಯಲ್ಲಿ, ಹೆಂಡದ ಮಾರಯ್ಯನೆಂಬ ಶರಣನಿದ್ದ. ಹೆಂಡ ಮಾರುವುದು ಅವನ ಕಾಯಕ. ಕುಡಿಯಬಂದವರಿಗೆ ಕುಡಿತದ ಕೇಡನ್ನು ತಿಳಿಹೇಳುತ್ತಿದ್ದನೆಂದು ಅವನ ವಿಷಯದಲ್ಲಿ ಹೇಳುತ್ತಾರೆ. ಅಂತೂ ನಮ್ಮ ಚರಿತ್ರೆಯಲ್ಲಿ ಮೊದಲಿಂದಲೂ ಎರಡು ದಾರಿಗಳಿವೆ: ಒಂದು ಗೋಷ್ಠಿಯ ದಾರಿ, ಇನ್ನೊಂದು ಗಡಂಗಿನ ದಾರಿ. ಗೋಷ್ಠಿಯಲ್ಲಿ ದೀಪ, ಮಾತು, ಚಕ್ಕಣ. ಗಡಂಗಿನಲ್ಲಿ ದಣಿವು, ಮರೆವು, ಸಾಲ.

ಗೋಷ್ಠಿ ಕಾಲಾನುಕ್ರಮದಲ್ಲಿ ಮರೆಯಾಯಿತು. ಜೈನ, ವೀರಶೈವ, ವೈಷ್ಣವ ಮೂರೂ ಧರ್ಮಗಳ ಆಚಾರ ಪಾನವನ್ನು ದೂರವಿಟ್ಟಿತು. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸ ಷಟ್ಪದಿಯಲ್ಲಿ ಸೂಪಶಾಸ್ತ್ರವನ್ನು ಬರೆದಾಗ ಅಲ್ಲಿ ಪಾನಕಗಳಿಗೆ ಜಾಗವಿತ್ತು, ಮದ್ಯಕ್ಕೆ ಇರಲಿಲ್ಲ. ನಮ್ಮ ಕೆಳದಿಯ ಬಸವಪ್ಪನಾಯಕ 1700ರ ಆಚೀಚೆ ರಚಿಸಿದ ಶಿವತತ್ತ್ವರತ್ನಾಕರವೆಂಬ ಮಹಾಕೋಶ ಪಾಕಶಾಲೆಯನ್ನೂ ಪಾತ್ರೆಗಳನ್ನೂ ಅಡುಗೆಯ ಬಗೆಗಳನ್ನೂ ವರ್ಣಿಸುತ್ತದೆ. ಅಡುಗೆಯ ವಿದ್ಯೆ ಬೆಳೆಯುತ್ತಲೇ ಹೋಯಿತು. ಆದರೆ ಉಣ್ಣುವ ಕ್ರಮದಲ್ಲಿ ಒಂದು ಮಾತು ಗಟ್ಟಿಯಾಯಿತು: ಒಬ್ಬೊಬ್ಬರಿಗೆ ಒಂದೊಂದು ಎಲೆ. ಎಂಜಲಿನ ಭಯ, ಮೈಲಿಗೆಯ ಭಯ, ಪಂಕ್ತಿಯ ಭಯ. ನಡುವೆ ಇಟ್ಟ ತಟ್ಟೆಗೆ ನಾಲ್ವರು ಕೈಯಿಕ್ಕುವುದೆಂದರೆ ಸಣ್ಣ ಮಾತಲ್ಲ. ಆ ನಾಲ್ವರು ಯಾರೆಂಬುದು ಮೊದಲು ತೀರ್ಮಾನವಾಗಬೇಕು.

ಗಡಂಗು ಮಾತ್ರ ಉಳಿಯಿತು. ಮಲೆನಾಡಿನಲ್ಲಿ ಬಗನಿ ಮರದ ಕಳ್ಳು ಎಲ್ಲರಿಗೂ ಗೊತ್ತಿದ್ದದ್ದೇ. ಅದನ್ನು ಇಳಿಸುವ ಕೆಲಸ ಹಳೆಪೈಕರೆಂದು ಕರೆಸಿಕೊಂಡವರ ಪಾಲಿಗೆ ಬಂದಿತ್ತು. ಕುವೆಂಪು ಅವರ ಕಾನೂರು ಹೆಗ್ಗಡಿತಿ 1936ರಲ್ಲಿ ಪ್ರಕಟವಾಯಿತು. ಅದರಲ್ಲಿ ಬರುವ ಕಳ್ಳಂಗಡಿಯನ್ನೂ ಅಲ್ಲಿ ನೆರೆಯುವ ಆಳುಕಾಳುಗಳನ್ನೂ ಓದಿದವರು ಮರೆಯಲಾರರು. ಅಲ್ಲಿಯೂ ಚಕ್ಕಣವಿದೆ, ಹೆಸರು ಮಾತ್ರ ಇಲ್ಲ: ಒಣಮೀನೋ ಹುರಿಗಡಲೆಯೋ ಉಪ್ಪಿನಕಾಯಿಯೋ ಸಿಕ್ಕಿದ್ದನ್ನು ನಾಲಗೆಗೆ ಸವರಿಕೊಳ್ಳುತ್ತಿದ್ದರು. ದಿನವಿಡೀ ಗದ್ದೆಯಲ್ಲಿ ಬಗ್ಗಿದವನ ಕಳ್ಳು ಅದು. ಪಂಪನ ಸಿಪ್ಪುಗಳಿಗೂ ಅದಕ್ಕೂ ಬಹಳ ದೂರ.

ಇನ್ನು ಆ ಬೆರಕೆ ಪಾನೀಯದ ವಿಚಾರ. ಕಾಕ್‌ಟೇಲ್ ಎಂಬ ಮಾತಿಗೆ ಮುದ್ರಣದಲ್ಲಿ ಮೊದಲು ಅರ್ಥ ಹೇಳಿದ್ದು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಒಂದು ಪತ್ರಿಕೆ, 1806ರಲ್ಲಿ: ಮದ್ಯ, ಸಕ್ಕರೆ, ನೀರು, ಕಹಿರಸ ಇಷ್ಟೂ ಸೇರಿದ್ದು. ಆದರೆ ಅದಕ್ಕಿಂತ ಮೊದಲೇ ಹುಟ್ಟಿದ ‘ಪಂಚ್’ ಎಂಬುದಿದೆ. ಹದಿನೇಳನೆಯ ಶತಮಾನದಲ್ಲಿ ಹಿಂದೂಸ್ಥಾನಕ್ಕೆ ಬಂದ ಇಂಗ್ಲಿಷ್ ವರ್ತಕರು ಇಲ್ಲಿಯ ಸಾರಾಯಿಗೆ ಸಕ್ಕರೆ, ನಿಂಬೆ, ನೀರು, ಸಂಬಾರ ಬೆರೆಸಿ ಕುಡಿದರು. ಐದು ವಸ್ತುಗಳಾದ್ದರಿಂದ ನಮ್ಮ ‘ಪಂಚ’ವೇ ಅವರ ‘ಪಂಚ್’ ಆಯಿತೆಂಬುದು ಅನೇಕ ವಿದ್ವಾಂಸರ ಮತ. ಹಾಗೆಯೇ ಜಿನ್ ಜೊತೆಗೆ ಬೆರೆಸುವ ಕಹಿಯಾದ ಟಾನಿಕ್ ನೀರು. ಅದರ ಕಹಿ ಕ್ವಿನೈನಿನದು, ಮಲೇರಿಯಾಕ್ಕೆ ಕೊಡುತ್ತಿದ್ದ ಮದ್ದು. ಮಲೆನಾಡಿನ ಹಿಂದಿನ ತಲೆಮಾರು ಜ್ವರದಲ್ಲಿ ನಡುಗುತ್ತ, ಮೂಗು ಹಿಡಿದು ನುಂಗಿದ ಕಹಿಯನ್ನು ಇಂದಿನವರು ಹಣ ಕೊಟ್ಟು ಹೀರುತ್ತಾರೆ. ಚರಿತ್ರೆಗೆ ಇಂಥ ವಿನೋದಗಳು ಹೊಸವಲ್ಲ.

ಶಿವಮೊಗ್ಗಕ್ಕೆ 1899ರಲ್ಲಿ ರೈಲು ಬಂತು. ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಭದ್ರಾವತಿಯಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಗೆ ಬುನಾದಿ ಬಿತ್ತು. 1923ರಲ್ಲಿ ಕಬ್ಬಿಣ ಹರಿಯಿತು. ಸುತ್ತಲಿನ ಕಾಡಿನ ಮರವನ್ನು ಅಲ್ಲಿ ಇದ್ದಿಲು ಮಾಡುತ್ತಿದ್ದರು. ಹಾಗೆ ಮಾಡುವಾಗ ಬರುವ ಆವಿಯಿಂದ ಮೀಥೈಲ್ ಆಲ್ಕೊಹಾಲನ್ನೂ ತೆಗೆಯುತ್ತಿದ್ದರು. ಅದು ಕೈಗಾರಿಕೆಗೆ ಬೇಕಾದ ದ್ರವ, ಆದರೆ ಕುಡಿದರೆ ಕಣ್ಣು ಹೋಗುತ್ತದೆ, ಪ್ರಾಣ ಹೋಗುತ್ತದೆ. ಅದೇ ವಿಷ ಕಳ್ಳಭಟ್ಟಿಯ ವ್ಯಾಪಾರಿಗಳ ಕೈಯಲ್ಲಿ ಬಡವರ ಸಾರಾಯಿಗೆ ಬೆರೆತು ನಾಡಿನ ಹಲವೆಡೆ ಹೆಣಗಳನ್ನು ಉರುಳಿಸಿದ್ದು ಮುಂದಿನ ಮಾತು. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಳ್ಳಸಾರಾಯಿ ಕುಡಿದು ಸತ್ತವರು ಮುನ್ನೂರಕ್ಕೂ ಹೆಚ್ಚು.

ರೈಲು, ಕಾರ್ಖಾನೆಗಳ ಜೊತೆಗೆ ಹೋಟೆಲುಗಳು ಬಂದವು. ಮೊದಮೊದಲು ಊರಿನ ಹೋಟೆಲುಗಳಲ್ಲಿಯೂ ಜಾತಿಗೊಂದು ಪಂಕ್ತಿಯಿತ್ತು. ಕೆಲವರಿಗೆ ಬಾಗಿಲಾಚೆಯೇ ಲೋಟ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ ಹದಿನೈದನೆಯ ವಿಧಿ ಹೋಟೆಲು, ಭೋಜನಗೃಹಗಳಿಗೆ ಪ್ರವೇಶ ಯಾರಿಗೂ ಜಾತಿಯ ಕಾರಣದಿಂದ ತಪ್ಪಬಾರದೆಂದಿತು. 1955ರ ಅಸ್ಪೃಶ್ಯತಾ ಅಪರಾಧ ಕಾಯಿದೆ ಅದಕ್ಕೆ ಶಿಕ್ಷೆಯ ಬಲ ಕೊಟ್ಟಿತು. ಕಾಫಿಯ ಮೇಜಿನ ಮುಂದೆ ಯಾರ ಪಕ್ಕದಲ್ಲಿ ಯಾರು ಕೂತರೆಂಬುದನ್ನು ಕೇಳುವವರು ಮೆಲ್ಲಮೆಲ್ಲನೆ ಕಡಿಮೆಯಾದರು.

ಕುಡಿತದ ಕಥೆ ಬೇರೆ. ಗಾಂಧೀಯುಗದಲ್ಲಿ ಪಾನನಿರೋಧ ದೇಶಸೇವೆಯ ಅಂಗವಾಗಿತ್ತು. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು, ಎಸ್. ನಿಜಲಿಂಗಪ್ಪನವರು ಅದರಲ್ಲಿ ಭಾಗಿಯಾಗಿ ಸೆರೆಮನೆ ಕಂಡರು. 1948ರಿಂದ ಮೈಸೂರು ಸಂಸ್ಥಾನದ ಹಲವು ಭಾಗಗಳಲ್ಲಿ ಪಾನನಿರೋಧ ಬಂತು. 1967ರಲ್ಲಿ ಅದನ್ನು ತೆಗೆದುಹಾಕಿದಾಗ ಮುಖ್ಯಮಂತ್ರಿಯಾಗಿದ್ದವರು ಅದೇ ನಿಜಲಿಂಗಪ್ಪನವರು. ಇದನ್ನು ಆಡಿಕೊಳ್ಳುವುದು ಸುಲಭ. ಆದರೆ ಬೊಕ್ಕಸದ ಚಿಂತೆಯೂ ಕಳ್ಳಭಟ್ಟಿಯ ಹಾವಳಿಯೂ ಯಾವ ಆದರ್ಶವಾದಿಯನ್ನೂ ಬಾಗಿಸಬಲ್ಲವು ಎಂಬುದು ಇದರಿಂದ ಕಲಿಯಬೇಕಾದ ಪಾಠ.

ನಿಷೇಧ ಹೋಯಿತು, ಮರೆ ಹೋಗಲಿಲ್ಲ. ನಾನು ಕಂಡ ‘ಬಾರ್ ಅಂಡ್ ರೆಸ್ಟೋರೆಂಟ್’ಗಳ ಬಾಗಿಲಿಗೆ ದಪ್ಪ ಪರದೆ, ಒಳಗೆ ಕೆಂಪು ದೀಪವೊಂದು ಇದ್ದೂ ಇಲ್ಲದಂತೆ. ಪರಿಚಿತರು ಎದುರಾದರೆ ಇಬ್ಬರೂ ತಲೆತಗ್ಗಿಸುವರು. ಹೆಂಗಸರ ಮಾತು ಬಿಡಿ. ಅವರಿಗೆ ಆ ಪರದೆಯ ಹೊರಮೈ ಮಾತ್ರ ಗೊತ್ತು.

ನಾನು ಅಧ್ಯಾಪಕನಾಗಿ ಭದ್ರಾವತಿಗೆ ಬಂದದ್ದು 1980ರ ದಶಕದ ಮೊದಲಲ್ಲಿ. ಕಾರ್ಮಿಕರ ಕೇರಿಗೆ ಅಂಟಿಕೊಂಡಂತೆ ನನ್ನ ಬಾಡಿಗೆಯ ಮನೆ. ಸಂಬಳದ ದಿನ ಸಂಜೆ ದಾರಿಯ ಬದಿಯಲ್ಲಿ ಕೆಲವು ಹೆಂಗಸರು ಮಕ್ಕಳನ್ನು ಕಂಕುಳಲ್ಲಿ ಇರಿಸಿಕೊಂಡು ನಿಂತಿರುತ್ತಿದ್ದರು. ಗಂಡ ಅಂಗಡಿ ಮುಟ್ಟುವ ಮೊದಲೇ ಅವನ ಜೇಬನ್ನು ಮುಟ್ಟಬೇಕು. ಅದಕ್ಕಾಗಿ ಆ ಕಾವಲು. ಅವರಲ್ಲೊಬ್ಬಾಕೆಯ ಮಗಳು ನಾಲ್ಕಾರು ವರ್ಷಗಳ ತರುವಾಯ ನನ್ನ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂತಳು. ಅವಳ ಮುಂದೆ ನಿಂತು, ಹೊನ್ನ ಸಿಪ್ಪಿನಲ್ಲಿ ಹೆಂಡ ಹೊಯ್ದುಕೊಂಡವರ ಸೊಗಸನ್ನು ನಾನು ಹೇಗೆ ಬಣ್ಣಿಸಲಿ? ಪುಟ ಮಗುಚಿದೆ. ಮರುವರ್ಷವೂ ಮಗುಚಿದೆ. ಆಮೇಲೆ ಅದೇ ಅಭ್ಯಾಸವಾಯಿತು.

ಅದೇ ಭದ್ರಾವತಿಯಲ್ಲಿ ಇನ್ನೊಬ್ಬ ಕನ್ನಡ ಅಧ್ಯಾಪಕರಿದ್ದರು, ಪ್ರೊ. ಬಿ. ಕೃಷ್ಣಪ್ಪನವರು. 1970ರ ದಶಕದಲ್ಲಿ ಅವರು ಕಟ್ಟಿದ ದಲಿತ ಸಂಘರ್ಷ ಸಮಿತಿ ಹೆಂಡದಂಗಡಿಯ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಹೆಂಡ ಬೇಡ, ನಮಗೆ ಬೇಕಾದದ್ದು ಭೂಮಿ, ಶಾಲೆ ಎಂಬುದು ಆ ಚಳವಳಿಯ ಬೇಡಿಕೆ. ಕುಡಿತವನ್ನು ಅವರು ಒಬ್ಬೊಬ್ಬನ ನಡತೆಗೇಡೆಂದು ನೋಡಲಿಲ್ಲ. ಬಡವನ ಕೂಲಿಯನ್ನು ಸಂಜೆಯ ಹೊತ್ತಿಗೆ ಹಿಂದಕ್ಕೆ ಕಿತ್ತುಕೊಳ್ಳುವ ವ್ಯವಸ್ಥೆಯೆಂದು ಕಂಡರು. ಅವರೂ ಕನ್ನಡ ಮೇಷ್ಟರು, ನಾನೂ ಕನ್ನಡ ಮೇಷ್ಟರು. ಅವರು ಬೀದಿಗಿಳಿದು ಕೇಳಿದ ಪ್ರಶ್ನೆಯನ್ನು ನಾನು ಪುಟ ಮಗುಚಿ ತಪ್ಪಿಸಿಕೊಂಡೆ. ಈ ವ್ಯತ್ಯಾಸವನ್ನು ಈ ವಯಸ್ಸಿನಲ್ಲಾದರೂ ಒಪ್ಪಿಕೊಳ್ಳಬೇಕು.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದಕ್ಕಾಗಿ ಹೋರಾಡಿದ ಹೆಣ್ಣುಮಕ್ಕಳು ಹಿಗ್ಗಿದರು. ಆದರೆ ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ ರಮ್ಮುಗಳ ಸಣ್ಣ ಪೊಟ್ಟಣಗಳು ಬಂದವು. ಗಡಂಗು ಹೆಸರು ಬದಲಿಸಿತು. ಮರುವರ್ಷವೇ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತಲೂ ತಮಿಳುನಾಡಿನ ಗಡಿಯಲ್ಲೂ ಕಳ್ಳಭಟ್ಟಿ ಮತ್ತೆ ನೂರಕ್ಕೂ ಹೆಚ್ಚು ಮಂದಿಯನ್ನು ಕೊಂದಿತು.

ಈಗ ಆ ರಾತ್ರಿಯ ಮೇಜಿಗೆ ಮರಳೋಣ. ಮುಂದಿನ ಬೆಂಚಿನ ಆ ಹುಡುಗಿಯೇ ನನ್ನನ್ನು ಕರೆದವಳು. ಪಕ್ಕದಲ್ಲಿ ಕೂತಿದ್ದವರು ದಾರಿಯ ಬದಿಯಲ್ಲಿ ಕಾದು ನಿಲ್ಲುತ್ತಿದ್ದ ಆ ತಾಯಿ. ಅಳಿಯ ಒಂದು ಬೆರಕೆ ಪಾನೀಯ ತರಿಸಿಕೊಂಡಿದ್ದ. ನಾವು ಉಳಿದ ನಾಲ್ವರೂ ಮುರುಗಲ ಹಣ್ಣಿನ ಪಾನಕ. ಬಣ್ಣದಲ್ಲಿ ಅದೇನೂ ಮದ್ಯಕ್ಕೆ ಸೋಲುವಂಥದ್ದಲ್ಲ. ಸುತ್ತಲಿನ ಮೇಜುಗಳಲ್ಲಿ ತರುಣ ತರುಣಿಯರು ಒಟ್ಟಿಗೆ ಕೂತು ಹರಟುತ್ತಿದ್ದರು, ಯಾರೂ ತಲೆತಗ್ಗಿಸಿರಲಿಲ್ಲ.

“ನೀವು ಬಿಟ್ಟ ಭಾಗವನ್ನು ಅವತ್ತೇ ಮನೆಯಲ್ಲಿ ಓದಿಕೊಂಡೆ ಸಾರ್,” ಎಂದಳು ಶಿಷ್ಯೆ. “ನಮ್ಮಪ್ಪ ಕುಡೀತಿದ್ದ ಹಾಗಲ್ಲದೆ ಬೇರೆ ಥರಾನೂ ಜನ ಕುಡೀತಿದ್ದರು ಅಂತ ಆವಾಗ ಗೊತ್ತಾಯಿತು.”

ತಾಯಿ ಬಹಳ ಹೊತ್ತು ಮಾತಾಡಿರಲಿಲ್ಲ. ಬಾಗಿಲ ಕಡೆಗೊಮ್ಮೆ, ದೀಪಗಳ ಕಡೆಗೊಮ್ಮೆ ನೋಡಿದರು. “ಇಲ್ಲಿ ಪರದೆ ಇಲ್ಲವಲ್ಲ ಮೇಷ್ಟ್ರೇ,” ಎಂದರು. ಸ್ವಲ್ಪ ತಡೆದು, “ಅವರು ಹಿಂಗೆ ಬೆಳಕಿನಾಗೆ ಕೂತು ಕುಡಿದಿದ್ರೆ ಎದುರಿಗೆ ನಾನೂ ಕೂರಬಹುದಿತ್ತು. ಸಾಕು ಏಳಿ ಅನ್ನಬಹುದಿತ್ತು.”

ನನ್ನಲ್ಲಿ ಉತ್ತರವಿರಲಿಲ್ಲ. ಲೆಕ್ಕದ ಚೀಟಿ ಬಂದಾಗ ಅದರ ಮೊತ್ತದ ಮೇಲೆ ಕಣ್ಣಾಡಿತು. ಅವರ ಯಜಮಾನರು ಆ ಕಾಲದಲ್ಲಿ ಎರಡು ಮೂರು ತಿಂಗಳು ದುಡಿದರೂ ಅಷ್ಟು ಕೈಗೆ ಬರುತ್ತಿರಲಿಲ್ಲ. ರೂಪಾಯಿಯ ಬೆಲೆ ಬದಲಾಗಿದೆ, ನಿಜ. ಆದರೆ ಇಂದಿನ ಕೂಲಿಕಾರನೂ ತನ್ನ ಹೆಂಡತಿಯೊಡನೆ ಆ ಬೆಳಕಿನಲ್ಲಿ ಬಂದು ಕೂರಲಾರ. ಅವನ ಪಾಲಿಗೆ ಪೊಟ್ಟಣ, ಕತ್ತಲ ಮೂಲೆ. ಮೇಜಿನ ನಡುವೆ ತಟ್ಟೆ ಇಡಲು ಜಾತಿ ಈಗ ಅಡ್ಡ ಬರುತ್ತಿಲ್ಲ, ಹೆಣ್ಣೆಂಬುದು ಅಡ್ಡ ಬರುತ್ತಿಲ್ಲ. ಇದು ಸಣ್ಣ ಗೆಲುವಲ್ಲ. ಜಾತಿ ಬಿಟ್ಟ ಜಾಗದಲ್ಲಿ ಬೆಲೆ ಬಂದು ಕೂತಿದೆ. ಮಾನಸೋಲ್ಲಾಸದ ಕಾಲದಂತೆ ಇಂದೂ ಗೋಷ್ಠಿ ಒಬ್ಬರಿಗೆ, ಗಡಂಗು ಇನ್ನೊಬ್ಬರಿಗೆ.

ಕುಡಿತವನ್ನು ಹೊಗಳಲು ನಾನು ಈ ಮಾತುಗಳನ್ನು ಆಡಲಿಲ್ಲ, ನಾನು ಕುಡಿಯುವವನಲ್ಲ. ಮರೆಯಲ್ಲಿ ಇಟ್ಟದ್ದರಿಂದ ಅದರ ಕೇಡು ಕಡಿಮೆಯಾಗಲಿಲ್ಲ ಎಂಬುದಷ್ಟೇ ನಾನು ಕಂಡುಕೊಂಡದ್ದು. ಪರದೆ ರಕ್ಷಿಸಿದ್ದು ಕುಡಿಯುವವನ ಮಾನವನ್ನು. ದಾರಿಯ ಬದಿಯಲ್ಲಿ ನಿಂತವಳನ್ನಲ್ಲ. ತರಗತಿಯಲ್ಲಿ ನಾನು ಎಳೆದ ಪರದೆಯೂ ಅಂಥದ್ದೇ. ಪಂಪನ ಆ ಪ್ರಕರಣವನ್ನು ಓದಿಸಬೇಕಾಗಿತ್ತು, ಹೆಂಡದ ಮಾರಯ್ಯನನ್ನೂ ಕೃಷ್ಣಪ್ಪನವರ ಚಳವಳಿಯನ್ನೂ ಅದರ ಬೆನ್ನಿಗೇ ಹೇಳಬೇಕಾಗಿತ್ತು. ಹೇಳಿದ್ದರೆ ಆ ಹುಡುಗಿ ಅದನ್ನು ಮನೆಯಲ್ಲಿ ಒಬ್ಬಳೇ ಕೂತು ಓದಬೇಕಾಗಿರಲಿಲ್ಲ.

ಇಂದು ಪಂಪನನ್ನು ಪಾಠ ಹೇಳುತ್ತಿರುವ ಕಿರಿಯ ಮಿತ್ರರು ಯಾರಾದರೂ ಕೇಳುತ್ತಿದ್ದರೆ ಅವರಲ್ಲಿ ನನ್ನದೊಂದು ಬಿನ್ನಹ: ನಾಲ್ಕನೆಯ ಆಶ್ವಾಸದಲ್ಲಿ ಪುಟ ಮಗುಚಬೇಡಿ.